ಎಂಟು ವರ್ಷದ ಮಗನಿಗೆ ಫಿಟ್ಸ್, ಸ್ಕ್ಯಾನ್‌ನಲ್ಲಿ ಡಿಎನ್‌ಇಟಿ ಗೆಡ್ಡೆ ಇದೆ ಅಂದಿದ್ದಾರೆ. ಇದು ಕ್ಯಾನ್ಸರಾ? ಆಪರೇಷನ್ ಬೇಕಾ?

ಹೆದರಬೇಡಿ ಸರ್. ಡಿಎನ್‌ಇಟಿ ಮಿದುಳಿನ ಗೆಡ್ಡೆ ನಿಜ, ಆದರೆ ಗ್ರೇಡ್ 1, ಅಂದರೆ ಅಪಾಯ ಅತಿ ಕಡಿಮೆ ಇರುವ ದರ್ಜೆ, ಕ್ಯಾನ್ಸರ್ ಅಲ್ಲ. ಬೆಳೆದರೂ ತೀರಾ ನಿಧಾನ. ನನ್ನ ಮಗಳಿಗೂ ಇದೇ ಇತ್ತು, ಟೆಂಪೊರಲ್ ಲೋಬ್‌ನಲ್ಲಿ, ಅಂದರೆ ಕಿವಿಯ ಹತ್ತಿರದ ಭಾಗದಲ್ಲಿ. 1988ರಲ್ಲಿ ಫ್ರಾನ್ಸಿನ ವೈದ್ಯೆ ಡೋಮಾ ಡ್ಯೂಪೋರ್ ಮತ್ತು ಜೊತೆಯವರು 39 ರೋಗಿಗಳನ್ನು ನೋಡಿ ಈ ಗೆಡ್ಡೆಗೆ ಹೆಸರು ಕೊಟ್ಟಾಗಲೇ, ಇದು ಆಪರೇಷನ್‌ನಿಂದ ಗುಣವಾಗುವಂಥದ್ದು ಅಂತ ಬರೆದಿದ್ದರು.

ಇಲ್ಲಿ ಕಾಡುವುದು ಗೆಡ್ಡೆಗಿಂತ ಫಿಟ್ಸ್. ಅದೂ ಯಾವಾಗಲೂ ಕೈಕಾಲು ಸೆಳೆದು ಬೀಳುವ ಫಿಟ್ಸ್ ಅಲ್ಲ. ನಮ್ಮ ಹುಡುಗಿ "ಹೊಟ್ಟೆಯಿಂದ ಏನೋ ಮೇಲಕ್ಕೆ ಬರ್ತಿದೆ ಅಮ್ಮಾ" ಅನ್ನುತ್ತಿದ್ದಳು. ಆಮೇಲೆ ಕಣ್ಣು ನೆಟ್ಟಗೆ, ತುಟಿ ಚಪ್ಪರಿಸುತ್ತಾ, ಫ್ರಾಕಿನ ಅಂಚು ಉಜ್ಜುತ್ತಾ ಕೂತುಬಿಡುವಳು. ಕರೆದರೆ ಓಗೊಡುತ್ತಿರಲಿಲ್ಲ. ಗಮನ ಇಲ್ಲ ಅಂತ ಕ್ಲಾಸಿನಲ್ಲಿ ಬೈಸಿಕೊಂಡಿದ್ದಾಳೆ ಪಾಪ. ಮಗನಿಗೆ ಹೀಗಾದಾಗ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ನೀರು ಹಾಕುವುದು ಬೇಡ. ಪಕ್ಕದಲ್ಲೇ ಇದ್ದು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಡಾಕ್ಟರಿಗೆ ತುಂಬಾ ಉಪಯೋಗ. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ.

ಆಪರೇಷನ್ ವಿಷಯ. ಸರಿಯಾದ ಎರಡು ಔಷಧಿ, ಸರಿಯಾದ ಡೋಸಿನಲ್ಲಿ ಕೊಟ್ಟ ಮೇಲೂ ಫಿಟ್ಸ್ ನಿಲ್ಲದಿದ್ದರೆ ಮೂರನೆಯದು, ನಾಲ್ಕನೆಯದು ಅಂತ ಸುಮ್ನೆ ವರ್ಷ ಕಳೆಯಬೇಡಿ. ಓದೋ ವಯಸ್ಸು, ಒಂದೊಂದು ವರ್ಷವೂ ಲೆಕ್ಕಕ್ಕೆ ಬರುತ್ತದೆ. ಎಪಿಲೆಪ್ಸಿ ಸರ್ಜರಿ ತಂಡ ಇರುವ ಕಡೆ ತೋರಿಸಿ: ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಇವೆಯಲ್ಲ. ಅಲ್ಲಿ ವಿಡಿಯೊ ಇಇಜಿ ಮಾಡುತ್ತಾರೆ, ಅಂದರೆ ವಿಡಿಯೊ ತೆಗೆಯುತ್ತಲೇ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ. ತಲೆ ತುಂಬಾ ವೈರು, ಹಗಲೂ ರಾತ್ರಿ ಕ್ಯಾಮೆರಾ. ಮಾತ್ರೆ ಕಡಿಮೆ ಮಾಡಿ ಫಿಟ್ಸ್ ಬರಲಿ ಅಂತ ಕಾಯಬೇಕು. ಹೆತ್ತವರಿಗೆ ಅದು ಸಂಕಟವೇ. ಆದರೆ ಫಿಟ್ಸ್ ಹುಟ್ಟುವುದು ಗೆಡ್ಡೆಯ ಜಾಗದಲ್ಲೇನಾ ಅಂತ ಗೊತ್ತಾಗಬೇಕಲ್ವಾ? ಮಾತು, ನೆನಪಿನ ಜಾಗ ಎಷ್ಟು ಹತ್ತಿರ ಇದೆ ಅಂತಲೂ ನೋಡುತ್ತಾರೆ. ಇದನ್ನು ನೀವೇ ಬಾಯಿಬಿಟ್ಟು ಕೇಳಿ.

ಗೆಡ್ಡೆ ಪೂರ್ತಿ ತೆಗೆಯಲು ಆದರೆ ಹೆಚ್ಚಿನ ಮಕ್ಕಳಿಗೆ ಫಿಟ್ಸ್ ನಿಲ್ಲುತ್ತದೆ, ನಮ್ಮವಳಿಗೂ ನಿಂತಿದೆ. ಚೂರು ಉಳಿದರೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಕೀಮೊ, ರೇಡಿಯೇಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆಪರೇಷನ್ ಆಯಿತು ಅಂತ ಮಾತ್ರೆ ಮಾತ್ರ ನಿಲ್ಲಿಸಬೇಡಿ, ಡಾಕ್ಟರು ಹೇಳಿದ ಮೇಲೇ ನಿಧಾನಕ್ಕೆ ಇಳಿಸುವುದು. ಸ್ಕ್ಯಾನ್‌ನಲ್ಲಿ ಗ್ಯಾಂಗ್ಲಿಯೊಗ್ಲಿಯೋಮಾ ಅನ್ನುವ ಗೆಡ್ಡೆಯೂ ಹೀಗೇ ಕಾಣಬಹುದು. ಹಾಗಾಗಿ ತೆಗೆದ ಗೆಡ್ಡೆಯ ಬಯಾಪ್ಸಿ ರಿಪೋರ್ಟ್ ತಪ್ಪದೇ ಕೇಳಿ ಪಡೆದು, ಫೈಲಿನಲ್ಲಿ ಇಟ್ಟುಕೊಳ್ಳಿ.