“ಅದರ ಮನಸ್ಸು ತಿಳಿದು ನಮಗೇನಾಗಬೇಕು?”

ಪತ್ರ: ಕಳೆದ ಸಂಚಿಕೆಯಲ್ಲಿ ಕ್ಯಾಂಡಿಡಾ ಎಂಬ ಯೀಸ್ಟಿನ ಮೇಲೆ ನಾಲ್ಕು ಪುಟ ಸುರಿದಿದ್ದೀರಿ. ಅದು ಶಾಖ ಹೇಗೆ ಅರಿಯುತ್ತೆ, ಹುಳಿ ಹೇಗೆ ಅರಿಯುತ್ತೆ ಅಂತ. ಯಾವ ಔಷಧ ತಗೋಬೇಕು ಅಂತ ಒಂದು ಸಾಲೂ ಇಲ್ಲ. ರೋಗಾಣು ಅಂದಮೇಲೆ ಕೊಲ್ಲೋದೊಂದೇ ದಾರಿ. ಅದರ ಮನಸ್ಸು ತಿಳಿದು ನಮಗೇನಾಗಬೇಕು?
– ಔಷಧ ಅಂಗಡಿಯ ಮಾಲೀಕರು, ತಿಪಟೂರು

ಸಂಪಾದಕರ ಉತ್ತರ:

ಹೊಗಳಿ ಬಂದ ಪತ್ರಗಳನ್ನು ಬದಿಗಿಟ್ಟು ನಿಮ್ಮದನ್ನೇ ಎತ್ತಿಕೊಂಡಿದ್ದೇನೆ; ಖಾರ ಚೆನ್ನಾಗಿದೆ. ಮೊದಲು ನಿಮಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಕ್ಯಾಂಡಿಡಾ ರಕ್ತಕ್ಕಿಳಿದು ಐಸಿಯುನಲ್ಲಿ ಮಲಗಿದವರ ಮುಂದೆ ಯೀಸ್ಟಿನ ಸ್ವಭಾವ ವರ್ಣಿಸುತ್ತ ಕೂರುವ ಹಾಗಿಲ್ಲ. ಅಲ್ಲಿ ಔಷಧವೇ ಬೇಕು, ಅದೂ ತಡವಿಲ್ಲದೆ ಬೇಕು. ಒಪ್ಪಿದೆ.

ಆದರೆ “ಕೊಲ್ಲೋದೊಂದೇ ದಾರಿ” ಎಂದಿರಲ್ಲ, ತಕರಾರು ಅಲ್ಲಿ. ಈ ಯೀಸ್ಟ್, ಅಂದರೆ ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಶಿಲೀಂಧ್ರ, ಎಲ್ಲಿಂದಲೋ ಹಾರಿ ಬಂದದ್ದಲ್ಲ ಸ್ವಾಮಿ. ಈ ಪುಟ ಓದುತ್ತಿರುವ ಎಷ್ಟೋ ಜನರ ಬಾಯಲ್ಲಿ, ಕರುಳಲ್ಲಿ ಈಗಲೂ ಇದೆ, ತನ್ನ ಪಾಡಿಗೆ ತಾನು. ವರ್ಷಗಟ್ಟಲೆ ಸುಮ್ಮನಿದ್ದದ್ದು ಒಂದು ದಿನ ಏಕೆ ತಿರುಗಿಬೀಳುತ್ತದೆ ಎಂಬುದೇ ಆ ನಾಲ್ಕು ಪುಟಗಳ ವಿಷಯವಾಗಿತ್ತು.

ಪರಿಚಯದವರೊಬ್ಬರ ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಪುಟ್ಟ ಗಾಜಿನ ಕೊಳವೆಯಲ್ಲಿ ಒಂದಿಷ್ಟು ಸೀರಮ್ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ತಿಳಿ), ಅದಕ್ಕೆ ಚುಕ್ಕೆಯಷ್ಟು ಯೀಸ್ಟ್, ಆಮೇಲೆ 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಎರಡು ಮೂರು ಗಂಟೆ. ತೆಗೆದು ಒಂದು ಹನಿಯನ್ನು ಸ್ಲೈಡಿನ ಮೇಲೆ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ದುಂಡಗಿದ್ದ ಜೀವಕೋಶಗಳ ಮೈಯಿಂದ ನೀಳವಾದ ಎಳೆ ಹೊರಟಿತ್ತು. ಬುಡದಲ್ಲಿ ಸೊಂಟ ಬಿಗಿದ ಗುರುತಿಲ್ಲ, ನೇರವಾಗಿ ಚಾಚಿಕೊಂಡಿದೆ. ಆಲ್ಬಿಕಾನ್ಸ್ ಎಂದು ಗುರುತು ಹಿಡಿಯಲು ಆಸ್ಪತ್ರೆಯ ಲ್ಯಾಬುಗಳು ಇದನ್ನೇ ನೋಡುತ್ತವೆ. ಆ ಯೀಸ್ಟನ್ನು ಯಾರೂ ಕೆಣಕಿರಲಿಲ್ಲ. ಅದರ ಸುತ್ತಮುತ್ತ ಬದಲಾಗಿತ್ತು, ಅಷ್ಟೇ. ಅಂಗಾಂಶ ಸೀಳಿಕೊಂಡು ಒಳಗಿಳಿಯುವುದು ಈ ಎಳೆಯೇ. ಎಳೆ ಬೆಳೆಯುವಾಗ ಕ್ಯಾಂಡಿಡಾಲೈಸಿನ್ ಎಂಬ ವಿಷವನ್ನೂ ಸುರಿಸುತ್ತದೆ. ಬರೀ 31 ಅಮೈನೋ ಆಮ್ಲಗಳ ಆ ತುಣುಕು ನಮ್ಮ ಜೀವಕೋಶದ ಪೊರೆಗೆ ತೂತು ಕೊರೆಯುತ್ತದೆಂದು ಗೊತ್ತಾದದ್ದು 2016ರಲ್ಲಿ.

ಶಾಖ ಅದಕ್ಕೆ ತಿಳಿಯುವ ಬಗೆಯಂತೂ ಸೊಗಸಾಗಿದೆ. ಯೀಸ್ಟಿನೊಳಗೆ ಎಚ್‌ಎಸ್‌ಪಿ-90 ಎಂಬ ಪ್ರೋಟೀನ್ ಇದೆ. ಬೇರೆ ಪ್ರೋಟೀನುಗಳ ಮಡಿಕೆ ಕೆಡದಂತೆ ನೋಡಿಕೊಳ್ಳುವುದು ಅದರ ಕಸುಬು. ಜೊತೆಗೆ, ‘ಎಳೆ ಬಿಡು’ ಎಂದು ಆಜ್ಞೆ ಸಾಗಿಸುವ ರಾಸ್-1, ಪಿಕೆಎ ಎಂಬ ಪ್ರೋಟೀನುಗಳ ಸರಪಳಿಯನ್ನೂ ಅದುಮಿಟ್ಟಿರುತ್ತದೆ. ಮದುವೆ ಮನೆಯಲ್ಲಿ ಹುಡುಗರನ್ನು ಉಗ್ರಾಣದ ಹತ್ತಿರ ಸುಳಿಯಗೊಡದ ಯಜಮಾನರು ಇರುತ್ತಾರಲ್ಲ, ದಿಬ್ಬಣ ಬಂದಿಳಿದ ಕೂಡಲೇ ಉಪಚಾರದ ಗಡಿಬಿಡಿಯಲ್ಲಿ ಅವರು ಕಾವಲು ಮರೆಯುತ್ತಾರೆ; ಹುಡುಗರು ಲಾಡಿನ ಪರಾತಕ್ಕೆ ಕೈ ಹಾಕಿರುತ್ತಾರೆ. ಮೈಬಿಸಿ ಏರಿ ಪ್ರೋಟೀನುಗಳು ಕೆಡತೊಡಗಿದಾಗ ಎಚ್‌ಎಸ್‌ಪಿ-90ರ ಪಾಡೂ ಇದೇ. ಟೊರಾಂಟೋದ ಲಿಯಾ ಕೋವೆನ್ ಬಳಗ 2009ರಲ್ಲಿ ಇದನ್ನು ಬಿಡಿಸಿ ತೋರಿಸಿತು.

ಶಾಖವೊಂದೇ ಅಲ್ಲ. ಸೈರ್-1 ಎಂಬ ಇನ್ನೊಂದು ಪ್ರೋಟೀನಿಗೆ ಇಂಗಾಲದ ಡೈಆಕ್ಸೈಡ್ ಏರಿದ್ದೂ ತಿಳಿಯುತ್ತದೆ, ಪಕ್ಕದಲ್ಲಿ ಬ್ಯಾಕ್ಟೀರಿಯಾದ ಗೋಡೆ ಚೂರಾಗಿ ಬಿದ್ದದ್ದೂ ತಿಳಿಯುತ್ತದೆ. ಎನ್-ಅಸಿಟೈಲ್ ಗ್ಲೂಕೋಸಮೈನ್ ಎಂಬ ಸಕ್ಕರೆ ಸಿಕ್ಕರೂ ಎಳೆ ಬಿಡುತ್ತದೆ. ಇದರ ಮೇಲೆ ದೆಹಲಿಯ ಜೆಎನ್‌ಯುನಲ್ಲಿ ಆಶಿಸ್ ದತ್ತ ಮತ್ತು ಸಂಗಡಿಗರು ದಶಕಗಳ ಕಾಲ ದುಡಿದಿದ್ದಾರೆ. ಆ ಸಕ್ಕರೆಯನ್ನು ಅರಗಿಸಿಕೊಳ್ಳುವ ಜೀನುಗಳನ್ನು ಕೆಡಿಸಿದರೆ ಯೀಸ್ಟಿನ ಕ್ರೌರ್ಯ ತಗ್ಗುತ್ತದೆಂದು ತೋರಿಸಿಕೊಟ್ಟವರು. ನಮ್ಮ ಟಿವಿಯಲ್ಲಿ ಅವರ ಹೆಸರು ಎಂದಾದರೂ ಕೇಳಿದ್ದೀರಾ? ಇನ್ನು ಹುಳಿಯ ವಿಚಾರ: ಎಳೆ ಬಿಡಲು ಹುಳಿ ಅಡ್ಡಿಯೆಂದಾದರೆ ಈ ಭೂಪ ಅಮೈನೋ ಆಮ್ಲ ತಿಂದು ಅಮೋನಿಯ ಉಗುಳಿ ಸುತ್ತಲಿನ ಹುಳಿಯನ್ನೇ ಮುರಿದುಬಿಡುತ್ತಾನೆ. ತನ್ನನ್ನು ನುಂಗಿದ ಬಿಳಿ ರಕ್ತಕಣದ ಹೊಟ್ಟೆಯೊಳಗೆ ಎಳೆ ಬಿಟ್ಟು ಹೊರಬೀಳುವುದಕ್ಕೂ ಈ ಉಪಾಯ ಒದಗಿಬರುತ್ತದೆ.

ಸಿಂಗಪುರದವರ 2018ರ ಪ್ರಯೋಗವೊಂದನ್ನು ಸಿಕ್ಕವರಿಗೆಲ್ಲ ಹೇಳುವ ಚಟ ನನಗೆ. ಔಷಧ ಕೊಟ್ಟು ಇಲಿಗಳ ಕರುಳಿನ ಬ್ಯಾಕ್ಟೀರಿಯಾವನ್ನು ತೆಗೆದು, ಅಲ್ಲಿ ಆಲ್ಬಿಕಾನ್ಸ್ ಬಿಟ್ಟು, ಒಂದು ಇಲಿಯಿಂದ ಇನ್ನೊಂದಕ್ಕೆ ದಾಟಿಸುತ್ತ ಹೋದರು. ಪೈಪೋಟಿಗೆ ಯಾರೂ ಇಲ್ಲದ ಆ ಕರುಳಿನಲ್ಲಿ ಯೀಸ್ಟ್ ಕ್ರಮೇಣ ಎಳೆ ಬಿಡುವ ಶಕ್ತಿಯನ್ನೇ ಕಳೆದುಕೊಂಡು ಸಾಧುವಾಯಿತು. ಬ್ಯಾಕ್ಟೀರಿಯಾ ಇದ್ದ ಕರುಳಿನಲ್ಲಿ ಮಾತ್ರ ಆಯುಧ ಕೆಳಗಿಡಲಿಲ್ಲ. ಅಂದರೆ ಅದು ಎಳೆಯನ್ನು ಕಾಪಾಡಿಕೊಂಡು ಬಂದಿರುವುದರಲ್ಲಿ ನೆರೆಯ ಬ್ಯಾಕ್ಟೀರಿಯಾದ ಪಾತ್ರ ದೊಡ್ಡದು. ನಾವು ನಡುವೆ ಸಿಕ್ಕಿಕೊಂಡವರು! ಇದನ್ನು ಹುಟ್ಟು ಶತ್ರು ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಈಗ ನಿಮ್ಮ ಕೌಂಟರಿಗೆ ಬರೋಣ, ಬೇಸರ ಮಾಡಿಕೊಳ್ಳಬೇಡಿ. ನೆಗಡಿ ಎಂದು ಬಂದವರಿಗೆ ಚೀಟಿ ಕೇಳದೆ ಐದು ದಿನದ ಆಂಟಿಬಯಾಟಿಕ್ ಕಟ್ಟಿಕೊಡುವ ಅಂಗಡಿಗಳು ಎಷ್ಟಿಲ್ಲ? ಮುಂದಿನ ವಾರ ಅದೇ ಹೆಣ್ಣುಮಗಳು ತುರಿಕೆಯೆಂದು ಕ್ಲೋಟ್ರಿಮಜೋಲ್ ಎಂಬ ಶಿಲೀಂಧ್ರದ ಔಷಧ ಕೇಳಿಕೊಂಡು ಬರುತ್ತಾಳೆ. ಯೋನಿಯಲ್ಲಿ ಹುಳಿ ಕಾಯ್ದುಕೊಂಡಿದ್ದ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಆ ಮಾತ್ರೆಗೇ ಸತ್ತಿರಬಹುದು. ಸಕ್ಕರೆ ಕಾಯಿಲೆಯವರ ತೊಡೆಸಂದಿ ಕೆಂಪಾದರೆ ಸ್ಟೀರಾಯ್ಡ್ ಬೆರೆಸಿದ ಟ್ಯೂಬು. ಎರಡು ದಿನಕ್ಕೆ ಕೆಂಪು ಇಳಿಯುತ್ತದೆ, ಉರಿ ಇಳಿಯುತ್ತದೆ, ಗಿರಾಕಿ ಖುಷಿ. ಆದರೆ ಅಲ್ಲಿನ ರಕ್ಷಣೆಯೂ ಕುಗ್ಗಿರುವುದರಿಂದ ಯೀಸ್ಟಿಗೆ ಇನ್ನೂ ಖುಷಿ. ಮನೆಯ ವಾತಾವರಣ ಕೆಡಿಸಿದವರು ನಾವು, ಬೈಗುಳ ಮಾತ್ರ ಅದಕ್ಕೆ. 2021ರ ಮೇ ತಿಂಗಳು ನೆನಪಿದೆಯೇ? ಕಪ್ಪು ಶಿಲೀಂಧ್ರ, ಬಿಳಿ ಶಿಲೀಂಧ್ರ, ಹಳದಿ ಶಿಲೀಂಧ್ರ ಎಂದು ಚಾನೆಲ್ಲುಗಳು ಬಣ್ಣ ಹಚ್ಚಿದ್ದೇ ಹಚ್ಚಿದ್ದು. ‘ಬಿಳಿ’ ಎಂದು ಹೆದರಿಸಿದ್ದು ಇದೇ ಹಳೆಯ ಕ್ಯಾಂಡಿಡಾವನ್ನು. ಏರಿದ ಸಕ್ಕರೆ, ಎಗ್ಗಿಲ್ಲದೆ ಕೊಟ್ಟ ಸ್ಟೀರಾಯ್ಡ್, ಇವುಗಳ ಮೇಲೆ ಚರ್ಚೆ ನಡೆದದ್ದು ಕಡಿಮೆ. ಬಣ್ಣಕ್ಕೆ ಟಿಆರ್‌ಪಿ ಇದೆ, ಪಿಕೆಎಗೆ ಎಲ್ಲಿದೆ?

ಔಷಧದ ಮೇಲೆ ನನಗೆ ಗೌರವ ಕಡಿಮೆಯೆಂದು ತಿಳಿಯಬೇಡಿ. ನಿಮ್ಮ ವೃತ್ತಿಯವರು ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಇವರ ಪಟವನ್ನು ಅಂಗಡಿಯಲ್ಲಿ ತೂಗುಹಾಕಬೇಕು. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಮಣ್ಣಿನ ಸೂಕ್ಷ್ಮಜೀವಿಗಳ ಮಾದರಿಗಳನ್ನು ಅಂಚೆಯಲ್ಲಿ ಕಳಿಸಿಕೊಂಡು 1950ರ ಹೊತ್ತಿಗೆ ನಿಸ್ಟಾಟಿನ್ ಎಂಬ ಶಿಲೀಂಧ್ರದ ಔಷಧ ಕಂಡುಹಿಡಿದರು. ಮಣ್ಣು ಬಂದದ್ದು ವರ್ಜೀನಿಯಾದ ಸ್ನೇಹಿತರ ಹೈನು ಜಮೀನಿನಿಂದ. ರಾಯಧನವಾಗಿ ಬಂದ ಸುಮಾರು 1 ಕೋಟಿ 30 ಲಕ್ಷ ಡಾಲರನ್ನು ತಾವಿಟ್ಟುಕೊಳ್ಳದೆ ಸಂಶೋಧನೆಗೆ ಬಿಟ್ಟುಕೊಟ್ಟರು. ಅಷ್ಟಾಗಿಯೂ ಇಂದಿಗೆ ಒಳಗಿನ ಶಿಲೀಂಧ್ರ ಸೋಂಕಿಗೆ ಇರುವ ಔಷಧದ ಗುಂಪುಗಳು ಬೆರಳೆಣಿಕೆಯಷ್ಟು. ಕಾರಣ ಸರಳ: ಯೀಸ್ಟಿನ ಜೀವಕೋಶ ಒಳಗೆ ಬಹುಮಟ್ಟಿಗೆ ನಮ್ಮದರಂತೆಯೇ ಇದೆ. ಎಚ್‌ಎಸ್‌ಪಿ-90 ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಅದಕ್ಕೆ ಹೊಡೆದ ಏಟು ನಮಗೂ ತಗಲುತ್ತದೆ. 2009ರಲ್ಲಿ ಜಪಾನಿನಲ್ಲಿ ಗುರುತಿಸಿದ ಕ್ಯಾಂಡಿಡಾ ಆರಿಸ್ ಎಂಬ ಇನ್ನೊಂದು ಯೀಸ್ಟ್ 42 ಡಿಗ್ರಿಯಲ್ಲೂ ಬೆಳೆಯುತ್ತದೆ, ಉಪ್ಪಿಗೂ ಜಗ್ಗುವುದಿಲ್ಲ, ಆಸ್ಪತ್ರೆಯ ಮಂಚದ ಕಂಬಿಯ ಮೇಲೆ ವಾರಗಟ್ಟಲೆ ಬದುಕುತ್ತದೆ. ಕ್ಯಾಂಡಿಡಾಕ್ಕೆ ಸಾಮಾನ್ಯವಾಗಿ ಕೊಡುವ ಫ್ಲುಕೊನಜೋಲ್ ಅಂತೂ ಇದರ ಬಹುಪಾಲು ತಳಿಗಳ ಮೇಲೆ ನಡೆಯುವುದೇ ಇಲ್ಲ. ಇಂಥದ್ದರ ಎದುರು ಅದರ ಮನಸ್ಸು ತಿಳಿಯದೆ ಯಾವ ಹೊಸ ಔಷಧ ಹುಡುಕುತ್ತೀರಿ?

ನೀವು ಕೇಳಿದ ಔಷಧಗಳ ವಿವರವನ್ನು ಮುಂದಿನ ಸಂಚಿಕೆಗೆ ವೈದ್ಯರೊಬ್ಬರಿಂದ ಬರೆಸುತ್ತಿದ್ದೇನೆ. ಅದಕ್ಕೆ ಒಂದು ಪುಟ ಸಾಕು. ಪಕ್ಕದ ಪುಟ ನಿಮಗೆ ಬಿಟ್ಟಿದ್ದೇನೆ: ಚೀಟಿಯಿಲ್ಲದೆ ಬಂದವರು ಏನೇನು ಕೇಳುತ್ತಾರೆ, ಇಲ್ಲ ಎಂದರೆ ಏನನ್ನುತ್ತಾರೆ, ಎದುರಿನ ಅಂಗಡಿಗೆ ಹೋಗುತ್ತಾರೋ ಹೇಗೆ, ಬರೆದು ಕಳಿಸಿ. ನಿಮ್ಮ ಹೆಸರಾಗಲಿ ಅಂಗಡಿಯ ಹೆಸರಾಗಲಿ ಹಾಕುವುದಿಲ್ಲ.