ಓದುಗರ ಪ್ರಶ್ನೆ: ರೋಮಿನ ಕಂಬಗಳ ಮೇಲೆ ಜೇನುನೊಣ ಯಾಕೆ?

ಪ್ರಶ್ನೆ: ಹೋದ ವರ್ಷ ಮಗನ ಜೊತೆ ರೋಮ್‌ಗೆ ಹೋಗಿದ್ದೆವು. ಸೇಂಟ್ ಪೀಟರ್ ಚರ್ಚಿನ ಬಲಿಪೀಠದ ಮೇಲೆ ಕಂಚಿನ ದೊಡ್ಡ ಮಂಟಪ ಇದೆಯಲ್ಲ, ಅದರ ತುಂಬಾ ಜೇನುನೊಣಗಳು. ಊರೊಳಗಿನ ಒಂದು ಕಾರಂಜಿಯಲ್ಲೂ ಅವೇ. ಗೈಡ್ "ಪೋಪ್ ಲಾಂಛನ" ಎಂದಷ್ಟೇ ಹೇಳಿ ಮುಂದೆ ನಡೆದರು. ಪೋಪ್‌ಗೂ ಜೇನುನೊಣಕ್ಕೂ ಏನು ಸಂಬಂಧ?
(ವಿಜಯಪುರದ ಓದುಗರು)

ಉತ್ತರ: ಅವು ಬಾರ್ಬೆರಿನಿ ಎಂಬ ಮನೆತನದ ಜೇನುನೊಣಗಳು. ಪೋಪ್ ಲಾಂಛನದಲ್ಲಿ ಎರಡು ಭಾಗ ಇರುತ್ತದೆ. ಹೊರಗಿನದು ಪದವಿಯದು: ಮೂರು ಸುತ್ತಿನ ಕಿರೀಟ (2005ರಿಂದೀಚಿನ ಪೋಪ್‌ಗಳ ಲಾಂಛನದಲ್ಲಿ ಅದರ ಬದಲು ಬಿಷಪ್ಪರ ಟೋಪಿ), ಕತ್ತರಿಯಂತೆ ಇಟ್ಟ ಎರಡು ಕೀಲಿಕೈ, ಒಂದು ಚಿನ್ನದ್ದು, ಒಂದು ಬೆಳ್ಳಿಯದು. ಸ್ವರ್ಗರಾಜ್ಯದ ಕೀಲಿಕೈ ಕೊಡುತ್ತೇನೆ ಎಂದು ಯೇಸು ತನ್ನ ಶಿಷ್ಯ ಪೇತ್ರನಿಗೆ (ಮೊದಲ ಪೋಪ್ ಎಂದು ನಂಬುವುದು ಇವನನ್ನೇ) ಹೇಳಿದ ಮಾತು ಬೈಬಲ್‌ನಲ್ಲಿದೆ, ಅದರ ಗುರುತು ಇದು. ಒಳಗಿನ ಗುರಾಣಿ ಮಾತ್ರ ಪೋಪ್ ಬದಲಾದ ಹಾಗೆ ಬದಲಾಗುತ್ತದೆ. 1623ರಿಂದ 1644ರವರೆಗೆ ಪೋಪ್ ಆಗಿದ್ದ ಎಂಟನೇ ಅರ್ಬನ್ ಬಾರ್ಬೆರಿನಿ ಮನೆಯವರು, ಅವರ ಗುರಾಣಿಯಲ್ಲಿ ಮೂರು ಜೇನುನೊಣ. ಹಿಂದೆ ಆ ಮನೆತನದ ಗುರುತು ದನ, ಕುದುರೆಗಳ ರಕ್ತ ಹೀರುವ ದೊಡ್ಡ ನೊಣವಾಗಿತ್ತು. ಮನೆತನ ಮೇಲೆ ಬಂದಂತೆ ಅದೇ ನೊಣ ಜೇನುನೊಣ ಆಯಿತು.

ಸರಿ, ಆದರೆ ಅಷ್ಟೊಂದು ಕಡೆ ಯಾಕೆ ಹಾಕಿಸಬೇಕಿತ್ತು? ರಾಜನಾದರೆ ಮಗನಿಗೆ ಗದ್ದುಗೆ ಬಿಟ್ಟು ಹೋಗುತ್ತಾನೆ. ಪೋಪ್‌ಗೆ ಅದಿಲ್ಲ. ಕಾರ್ಡಿನಲ್ ಎಂಬ ಹಿರಿಯ ಗುರುಗಳು ಸೇರಿ ಆರಿಸುತ್ತಾರೆ, ಆರಿಸುವಾಗಲೇ ಹೆಚ್ಚಿನವರಿಗೆ ವಯಸ್ಸಾಗಿರುತ್ತದೆ, ತೀರಿಕೊಂಡ ಮೇಲೆ ಬರುವವರು ಸಾಮಾನ್ಯವಾಗಿ ಬೇರೆ ಮನೆಯವರು. ಸಿಕ್ಕ ಕೆಲವೇ ವರ್ಷಗಳಲ್ಲಿ ಮನೆತನದ ಹೆಸರು ಕಲ್ಲಲ್ಲಿ, ಕಂಚಲ್ಲಿ ನಿಲ್ಲಬೇಕು. ಹಾಗಾಗಿ ಕಟ್ಟಿಸಿದ್ದಕ್ಕೆಲ್ಲ ಗುರುತು ಹಾಕಿಸಿದರು. ನೋಡುವ ನಮಗೆ ಇದರಿಂದ ಒಂದು ಲಾಭ ಇದೆ. ಹದ್ದು ಮತ್ತು ಡ್ರ್ಯಾಗನ್ ಕಂಡರೆ ಬೋರ್ಗೀಸೆ ಮನೆಯ ಐದನೇ ಪಾಲ್ (1605–1621). ಬಾಯಲ್ಲಿ ಆಲಿವ್ ಎಲೆ ಹಿಡಿದ ಪಾರಿವಾಳ ಕಂಡರೆ ಪಂಫೀಲಿ ಮನೆಯ ಹತ್ತನೇ ಇನ್ನೊಸೆಂಟ್ (1644–1655). ಒಂದರ ಮೇಲೊಂದು ಪೇರಿಸಿದ ಆರು ಗುಡ್ಡ, ಮೇಲೊಂದು ನಕ್ಷತ್ರ ಇದ್ದರೆ ಕೀಜಿ ಮನೆಯ ಏಳನೇ ಅಲೆಕ್ಸಾಂಡರ್ (1655–1667). ಇಷ್ಟು ನೆನಪಿದ್ದರೆ ಗೈಡ್ ಇಲ್ಲದೆಯೂ ಇದು ಯಾರ ಕಾಲದ ಕೆಲಸ ಎಂದು ಹೇಳಬಹುದು.

ಈಗ ನೀವು ನೋಡಿದ ಮಂಟಪಕ್ಕೆ ಬರೋಣ, ನನಗೆ ತುಂಬಾ ಇಷ್ಟದ ವಿಷಯ ಇದು. ಶಿಲ್ಪಿ ಬೆರ್ನೀನಿ ಇದನ್ನು 1624ರಲ್ಲಿ ಶುರು ಮಾಡಿದಾಗ ಅವನಿಗೆ ಇನ್ನೂ 25 ವರ್ಷ. ಮುಗಿದಿದ್ದು 1633ರಲ್ಲಿ, ಎತ್ತರ ಸುಮಾರು 29 ಮೀಟರ್. ನಿಮ್ಮೂರಿನಲ್ಲಿ ಮುಹಮ್ಮದ್ ಆದಿಲ್ ಶಾಹ ಗದ್ದುಗೆ ಏರಿದ್ದು 1627ರಲ್ಲಿ, ಅಂದರೆ ಗೋಳಗುಮ್ಮಟ ಕಟ್ಟಿಸಿದವನೂ ಈ ಮಂಟಪ ಮಾಡಿಸಿದವರೂ ಒಂದೇ ಕಾಲದವರು. ಈ ಮಂಟಪಕ್ಕೂ ಹಿಂದೆ ಲಾಂಛನ ಎಂದರೆ ಗೋಡೆಗೆ ಅಂಟಿಸಿದ ಫಲಕದಂತೆ ಸುಮ್ನೆ ಕೂತಿರುತ್ತಿದ್ದುದೇ ಜಾಸ್ತಿ. ಇಲ್ಲಿ ಜೇನುನೊಣ ಗುರಾಣಿ ಬಿಟ್ಟು ಹೊರಗೆ ಬಂದಿದೆ. ತಿರುಚಿದ ಕಂಬಕ್ಕೆ ಹಬ್ಬಿದ ಎಲೆಗಳ ಮೇಲೆ ಕೂತಿದೆ, ಬಟ್ಟೆಯ ಜಾಲರಿಯಂತೆ ಇಳಿಬಿಟ್ಟ ಕಂಚಿನ ಪಟ್ಟಿಯ ಮೇಲೂ ಕೂತಿದೆ. ಬಾರ್ಬೆರಿನಿ ಅರಮನೆಯ ಛಾವಣಿಯಲ್ಲಿ ಪಿಯೆತ್ರೊ ದ ಕೊರ್ತೋನ 1639ರಲ್ಲಿ ಮುಗಿಸಿದ ಚಿತ್ರ ಇದೆ. ಅಲ್ಲಂತೂ ಗುರಾಣಿಯೇ ಇಲ್ಲ. ದೊಡ್ಡ ದೊಡ್ಡ ಮೂರು ಜೇನುನೊಣ ಆಕಾಶದಲ್ಲಿ ಹಾರುತ್ತಿವೆ, ಸುತ್ತ ಹಿಡಿದ ಎಲೆಯ ಹಾರವೇ ಗುರಾಣಿಯ ಆಕಾರ ಕೊಡುತ್ತದೆ.

ಇನ್ನೊಮ್ಮೆ ಹೋದರೆ ಮಂಟಪದ ಕಂಬಗಳ ಬುಡ ನೋಡಲು ಮರೆಯಬೇಡಿ. ಅಮೃತಶಿಲೆಯ ಆ ಪೀಠಗಳ ಮೇಲೆ, ಕಂಬಕ್ಕೆ ಎರಡರಂತೆ, ಎಂಟು ಬಾರ್ಬೆರಿನಿ ಲಾಂಛನಗಳಿವೆ. ಮುಂದಿನ ಎಡಗಂಬದಿಂದ ಶುರು ಮಾಡಿ, ನಮ್ಮ ಗುಡಿಯಲ್ಲಿ ಪ್ರದಕ್ಷಿಣೆ ಹಾಕುವ ಹಾಗೆಯೇ ಸುತ್ತು ಬನ್ನಿ. ಪ್ರತಿ ಗುರಾಣಿಯ ತಲೆಯಲ್ಲಿ ಒಂದು ಹೆಣ್ಣಿನ ಮುಖ. ಹೋಗುತ್ತಾ ಹೋಗುತ್ತಾ ಆ ಮುಖದಲ್ಲಿ ನೋವು ಹೆಚ್ಚುತ್ತದೆ, ಬಾಯಿ ತೆರೆಯುತ್ತದೆ, ಗುರಾಣಿ ಬಸುರಿಯ ಹೊಟ್ಟೆಯಂತೆ ಉಬ್ಬುತ್ತದೆ. ಎಂಟನೆಯದರಲ್ಲಿ ಹೆಂಗಸಿನ ಮುಖ ಇಲ್ಲ, ಮಗುವಿನ ಮುಖ ಇದೆ. ಪೋಪ್ ಮನೆಯ ಹೆಣ್ಣುಮಗಳೊಬ್ಬಳ ಕಷ್ಟದ ಹೆರಿಗೆಯ ನೆನಪು ಎಂದು ಕಥೆ ಹೇಳುತ್ತಾರೆ, ಹೆರುತ್ತಿರುವವಳು ಚರ್ಚ್ ಎಂಬ ತಾಯಿ ಎಂದೂ ಅರ್ಥ ಹೇಳುತ್ತಾರೆ. ಯಾವುದೇ ಇರಲಿ, ಅಷ್ಟು ದೊಡ್ಡ ಬಲಿಪೀಠದ ಬುಡದಲ್ಲಿ ಹೆರಿಗೆ ನೋವನ್ನು ಇಷ್ಟು ಅಕ್ಕರೆಯಿಂದ ಕೆತ್ತಿದ್ದಾರೆ ಎಂಬುದೇ ನನಗೆ ದೊಡ್ಡದು.

ಪ್ರಶ್ನೆ: ನಾನು ಕಲ್ಲು ಕೆತ್ತುವವನು. ಪೋಪ್ ಲಾಂಛನಗಳ ಫೋಟೊ ನೋಡಿದೆ. ಗುರಾಣಿಯ ಅಂಚು ಸುರುಳಿ ಸುತ್ತಿರುತ್ತದೆ. ಯುದ್ಧದ ಗುರಾಣಿ ಹಾಗಿರಲ್ಲ ಅಲ್ವಾ? ಮತ್ತೆ, ನಮ್ಮ ಚಾಲುಕ್ಯರ ವರಾಹವೂ ಇದೇ ತರದ್ದಾ?
(ಬಾದಾಮಿಯ ಓದುಗರು)

ಉತ್ತರ: ಸರಿಯಾಗಿ ಗಮನಿಸಿದ್ದೀರಿ. ಆ ಹೊತ್ತಿಗೆ ಅದು ಹೆಸರಿಗೆ ಮಾತ್ರ ಗುರಾಣಿ. ಒಣಗಿ ಮುದುಡಿದ ತೊಗಲಿನ ಹಾಗೆ ಅಂಚು ಸುತ್ತಿಕೊಳ್ಳುತ್ತದೆ, ನಡುವೆ ಉಬ್ಬುತ್ತದೆ. ಇವು ಹೆಚ್ಚಾಗಿ ಬಾಗಿಲ ಮೇಲೆ, ಮಾಳಿಗೆಯ ಅಂಚಿನಲ್ಲಿ ಇರುತ್ತವೆ, ನೋಡುವವರು ಕೆಳಗೆ ದೂರದಲ್ಲಿ. ಆಳವಾಗಿ ಕೊರೆದು ನೆರಳು ಬೀಳಿಸದಿದ್ದರೆ ಅಷ್ಟು ದೂರಕ್ಕೆ ಏನೂ ಕಾಣುವುದಿಲ್ಲ ಎಂದು ನಿಮಗೆ ನಾನು ಹೇಳಬೇಕಿಲ್ಲ. ವ್ಯಾಟಿಕನ್ ಅರಮನೆಗೆ ಬೆರ್ನೀನಿ ಕಟ್ಟಿದ ಮೆಟ್ಟಿಲ ಸಾಲಿನ (1663–1666) ಬಾಯಲ್ಲಿ, ಕಮಾನಿನ ಮೇಲೆ, ರೆಕ್ಕೆಯ ಇಬ್ಬರು ಹೆಂಗಸರು ಏಳನೇ ಅಲೆಕ್ಸಾಂಡರ್‌ನ ಲಾಂಛನ ಹಿಡಿದು ತುತ್ತೂರಿ ಊದುತ್ತಾರೆ. ಅದರ ಫೋಟೊ ಹುಡುಕಿ ನೋಡಿ, ನಿಮ್ಮ ಕೈಗೆ ಕೆಲಸ ಹಚ್ಚುತ್ತದೆ.

ವರಾಹದ ವಿಷಯ ಅರ್ಧ ಹೌದು, ಅರ್ಧ ಅಲ್ಲ. ತಾಮ್ರಪಟದ ಮುದ್ರೆಯಲ್ಲಿ, ನಾಣ್ಯದಲ್ಲಿ ಇರುವ ವರಾಹ ಖಂಡಿತ ಮನೆತನದ ಗುರುತು. ಆದರೆ ಮಂಗಳೇಶ ಮಾಡಿಸಿದ (ಕ್ರಿ.ಶ. 578) ಬಾದಾಮಿಯ ಮೂರನೇ ಗುಹೆಯ ವರಾಹ ಭೂದೇವಿಯನ್ನು ಎತ್ತಿದ ವಿಷ್ಣುವೇ, ಜನ ಕೈಮುಗಿಯುವ ದೇವರು. ರೋಮಿನ ಜೇನುನೊಣಕ್ಕೆ ಯಾರೂ ಕೈಮುಗಿಯಲಿಲ್ಲ. ಇನ್ನೊಂದು, ಚಾಲುಕ್ಯರ ವರಾಹ ರಾಜ ಬದಲಾದರೂ ಬದಲಾಗಲಿಲ್ಲ. ಅಲ್ಲಿ ಪ್ರತಿ ಪೋಪ್‌ಗೂ ಹೊಸ ಗುರಾಣಿ. ಒಬ್ಬರು ತೀರಿಕೊಂಡು ಇನ್ನೊಬ್ಬರು ಬರುವವರೆಗೆ ಕಿರೀಟದ ಜಾಗದಲ್ಲಿ ಸತ್ತಿಗೆಯ ಗುರುತು ಇಡುತ್ತಾರೆ. ನಮ್ಮ ಉತ್ಸವದಲ್ಲಿ ಹಿಡಿಯುವ ಸತ್ತಿಗೆಯಂಥದ್ದೇ, ಕೆಂಪು ಮತ್ತು ಚಿನ್ನದ ಪಟ್ಟಿ ಇರುವುದು.

ಪ್ರಶ್ನೆ: ಹಳೆ ಗೋವಾದ ಬಾಮ್ ಜೀಸಸ್ ಚರ್ಚಿನ ಮುಂಭಾಗದ ಮೇಲ್ಗಡೆ ‘ಐಎಚ್‌ಎಸ್’ ಎಂದು ಕೆತ್ತಿದ್ದಾರೆ. ಅದೂ ಪೋಪ್ ಲಾಂಛನವಾ?
(ಬೆಳಗಾವಿಯ ಓದುಗರು)

ಉತ್ತರ: ಅಲ್ಲ. ಅದು ಗ್ರೀಕ್‌ನಲ್ಲಿ ಯೇಸುವಿನ ಹೆಸರು ಬರೆಯುವಾಗ ಬರುವ ಮೊದಲ ಮೂರು ಅಕ್ಷರ. ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಗುರುಗಳು ಅದನ್ನೇ ತಮ್ಮ ಗುರುತು ಮಾಡಿಕೊಂಡರು, ಆ ಚರ್ಚು ಅವರು ಕಟ್ಟಿಸಿದ್ದು. ಕೀಲಿಕೈ, ಮೂರು ಸುತ್ತಿನ ಕಿರೀಟ ಎರಡೂ ಇಲ್ಲ ನೋಡಿ. ಆದರೆ ಅದೇ ಚರ್ಚಿನೊಳಗೆ ಸಂತ ಫ್ರಾನ್ಸಿಸ್ ಕ್ಸೇವಿಯರ್ ಪಾರ್ಥಿವ ಶರೀರದ ಪೆಟ್ಟಿಗೆ ಇಟ್ಟಿರುವ ಅಮೃತಶಿಲೆಯ ಪೀಠ ಇದೆಯಲ್ಲ, ಅದು ಇಟಲಿಯ ಬರೋಕ್ (ಬೆರ್ನೀನಿ ಕಾಲದ ಆಡಂಬರದ ಶೈಲಿ) ಕೆಲಸವೇ. ಫ್ಲಾರೆನ್ಸ್‌ನ ಫೊಜ್ಜಿನಿ ಎಂಬ ಶಿಲ್ಪಿ ಮಾಡಿದ್ದು, 1698ರಲ್ಲಿ ಅಲ್ಲಿ ಕೂರಿಸಿದರು. ಬೆಳಗಾವಿಯಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್ ಬರಬಹುದು.