ಐಸ್ ಕಾಫಿಗೆ ಪ್ರೋಟೀನ್ ಪುಡಿ: ಗಂಟು ಯಾಕೆ ಕಟ್ಟುತ್ತದೆ?

ಬೆಳಿಗ್ಗೆ ತಿಂಡಿಗೆ ಪುರಸೊತ್ತಿಲ್ಲದವರು ತಣ್ಣನೆ ಕಾಫಿಗೆ ಪ್ರೋಟೀನ್ ಪುಡಿ ಕಲಸಿ ಕುಡಿದು ಹೊರಡುವುದು ಈಗ ಮಾಮೂಲಿ. ಅದರ ಬಗ್ಗೆ ಅದೇ ಏಳೆಂಟು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತಿವೆ. ಕೇಳುವವರಲ್ಲಿ ಬಹಳ ಜನ ಯಾವುದೋ ವಿಡಿಯೊ ನೋಡಿ ಗಾಬರಿಯಾಗಿ, ಡಬ್ಬದಲ್ಲಿದ್ದ ಪುಡಿಯನ್ನೆಲ್ಲ ಚೆಲ್ಲಿದ ಮೇಲೆ ಕೇಳುತ್ತಾರೆ. ಅದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಅದಕ್ಕೇ ಈ ಸಲ ಎಲ್ಲಕ್ಕೂ ಒಟ್ಟಿಗೆ ಉತ್ತರ.

ಬಿಸಿ ಕಾಫಿಗೆ ವೇ ಪ್ರೋಟೀನ್ (ಹಾಲು ಒಡೆದಾಗ ಉಳಿಯುವ ತಿಳಿನೀರಿನ ಪ್ರೋಟೀನ್) ಹಾಕಿ ಕಲಸಿದೆ. ಹಾಲು ಒಡೆದ ಹಾಗಾಯಿತು. ಮೇಲೆ ಐಸ್ ಹಾಕಿದರೂ ಸರಿಹೋಗಲಿಲ್ಲ. ಪುಡಿ ನಕಲಿಯೇ? ಬಿಸಿಗೆ ಪ್ರೋಟೀನ್ ಹಾಳಾಯಿತೇ? ಕುಡಿಯಬಹುದೇ?

ಕುಡಿಯಬಹುದು. ಹಾಳಾಗಿದ್ದು ಲೋಟದ ಅಂದ, ಪ್ರೋಟೀನ್ ಅಲ್ಲ.

ಮೊಟ್ಟೆ ಬೇಯಿಸಿದಾಗ ಅದರ ಬಿಳಿ ಗಟ್ಟಿಯಾಗುತ್ತದೆ, ಅಲ್ವಾ? ವೇ ಪ್ರೋಟೀನಿಗೂ ಆಗುವುದು ಅದೇ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸುರುಳಿ ಸುತ್ತಿಕೊಂಡಿರುವ ಪ್ರೋಟೀನ್ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಆಗ ತಾನೇ ಇಳಿಸಿದ ಕಾಫಿ ಅದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ. ಸಾಲದ್ದಕ್ಕೆ ಕಾಫಿ ಸ್ವಲ್ಪ ಹುಳಿ. ಅದರ ಪಿಎಚ್, ಅಂದರೆ ಹುಳಿ ಅಳೆಯುವ ಅಂಕಿ, 5ರ ಆಸುಪಾಸು. ವೇಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಬೀಟಾ ಲ್ಯಾಕ್ಟೋಗ್ಲೋಬ್ಯುಲಿನ್ ಎಂಬ ಪ್ರೋಟೀನಿನ ಕಣಗಳು ಸರಿಯಾಗಿ ಅದೇ ಪಿಎಚ್ ಹತ್ತಿರ ಒಂದನ್ನೊಂದು ದೂರ ತಳ್ಳುವ ಶಕ್ತಿ ಕಳೆದುಕೊಳ್ಳುತ್ತವೆ. ಬಿಸಿಯೂ ಇದೆ, ಹುಳಿಯೂ ಇದೆ. ಇನ್ನು ಒಡೆಯದೆ ಇರುತ್ತದೆಯೇ?

ಬೆಂದ ಮೊಟ್ಟೆಯನ್ನು ಫ್ರಿಜ್‌ನಲ್ಲಿಟ್ಟರೆ ಅದು ಮತ್ತೆ ಹಸಿಯಾಗುವುದಿಲ್ಲ. ಹಾಗೆಯೇ ಒಡೆದ ಮೇಲೆ ಐಸ್ ಹಾಕಿ ಪ್ರಯೋಜನವಿಲ್ಲ. ಅದೇ ಪುಡಿಯನ್ನು ಮೊದಲೇ ತಣ್ಣಗಾದ ಕಾಫಿಗೆ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ಬಿಸಿ ತಾಗದ ವೇ ಇಷ್ಟು ಹುಳಿಯಲ್ಲೂ ಕರಗಿಕೊಂಡೇ ಇರುತ್ತದೆ.

ಪೋಷಣೆಯ ಮಾತಿಗೆ ಬಂದರೆ, ಬಿಚ್ಚಿಕೊಂಡ ಪ್ರೋಟೀನಿನಲ್ಲೂ ಅದು ಕಟ್ಟಿಕೊಂಡಿರುವ ತುಣುಕುಗಳಾದ ಅಮೈನೋ ಆಮ್ಲಗಳು ಹಾಗೇ ಇರುತ್ತವೆ. ನೀವು ತಣ್ಣಗೆ ಕುಡಿದರೂ ಹೊಟ್ಟೆಯ ಆಮ್ಲ ಮಾಡುವ ಮೊದಲ ಕೆಲಸ ಅದನ್ನು ಬಿಚ್ಚುವುದೇ. "ಬಿಸಿ ತಾಗಿದ ಪ್ರೋಟೀನ್ ವಿಷವಾಗುತ್ತದೆ" ಎಂದು ಹೆದರಿಸಿ, ಮರುಕ್ಷಣವೇ ತಮ್ಮ "ಶಾಖ ತಡೆಯುವ" ಡಬ್ಬ ತೋರಿಸುವವರ ಮಾತು ಕೇಳಬೇಡಿ. ಅದು ವ್ಯಾಪಾರ, ಅಷ್ಟೇ.

ಇನ್ನೊಂದು ಬಗೆಯ ಗಂಟು ಇದೆ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಬಿಸಿಗೆ ಒಡೆದದ್ದು ಸಣ್ಣ ಸಣ್ಣ ಚೂರಾಗಿ ಲೋಟದ ತುಂಬ ತೇಲುತ್ತದೆ, ನಾಲಿಗೆಗೆ ತರಿತರಿ ಹತ್ತುತ್ತದೆ. ತಣ್ಣನೆ ಕಾಫಿಯಲ್ಲೂ ಗೋಲಿ ಗಾತ್ರದ ಗಂಟು ಸಿಕ್ಕಿದರೆ ಅದು ಬೇರೆ. ಅದನ್ನು ಚಮಚದಿಂದ ಲೋಟದ ಗೋಡೆಗೆ ಒತ್ತಿ ನೋಡಿ. ಮೇಲಿನ ಜಾರುವ ಪೊರೆ ಒಡೆದು ಒಳಗಿಂದ ಒಣ ಪುಡಿ ಹಾಗೇ ಉದುರುತ್ತದೆ. ಪುಡಿಯ ರಾಶಿಯ ಮೇಲೆ ದ್ರವ ಸುರಿದಾಗ ಹೊರಗಿನ ಪದರ ನೆಂದು ಅಂಟಾಗಿ, ಒಳಗೆ ನೀರು ಹೋಗಲು ಬಿಡುವುದಿಲ್ಲ. ಇದಕ್ಕೆ ಕಾರಣ ಬಿಸಿಯಲ್ಲ, ಹಾಕಿದ ಕ್ರಮ. ಮೊದಲು ದ್ರವ, ಆಮೇಲೆ ಪುಡಿ. ಇದನ್ನು ಎಷ್ಟು ಸಲ ಹೇಳಿದರೂ ಜನ ಮೊದಲು ಪುಡಿ ಹಾಕಿ ಮೇಲೆ ಹಾಲು ಸುರಿಯುತ್ತಾರೆ!

ಸರಿಯಾಗಿ ಮಾಡುವುದಾದರೆ ಹೀಗೆ ಮಾಡಿ. ಒಂದು ಟೀ ಚಮಚ ಇನ್‌ಸ್ಟಂಟ್ ಕಾಫಿ ಪುಡಿಯನ್ನು ಎರಡು ಮೂರು ಚಮಚ ಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿ. ಡಿಕಾಕ್ಷನ್ ಇದ್ದರೆ ರಾತ್ರಿಯೇ ಫ್ರಿಜ್‌ಗೆ ಸೇರಿಸಿ. ಶೇಕರ್‌ಗೆ 200 ಮಿಲಿಲೀಟರ್ ತಣ್ಣನೆ ಹಾಲು, ಅದರ ಮೇಲೆ ಕಾಫಿ, ಕೊನೆಗೆ ಒಂದು ಸ್ಕೂಪ್ ಪುಡಿ. ಅರ್ಧ ನಿಮಿಷ ಜೋರಾಗಿ ಕುಲುಕಿ. ಒಂದು ನಿಮಿಷ ಸುಮ್ನೆ ಬಿಡಿ, ನೊರೆ ಇಳಿಯುತ್ತದೆ, ಉಳಿದ ಪುಡಿಯೂ ನೆನೆಯುತ್ತದೆ. ಇನ್ನೊಮ್ಮೆ ಕುಲುಕಿ ಲೋಟಕ್ಕೆ ಬಗ್ಗಿಸಿ. ಐಸ್ ಹಾಕುವುದು ಆಮೇಲೆ. ಮೊದಲೇ ಹಾಕಿ ಕುಲುಕಿದರೆ ಕರಗಿ ಕಾಫಿ ನೀರಾಗುತ್ತದೆ. ಉಳಿದ ಕಾಫಿಯನ್ನೇ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟುಕೊಂಡರೆ ಆ ತೊಂದರೆಯೇ ಇಲ್ಲ. ಆದರೆ ಆ ಕೆಫೀನನ್ನೂ ಲೆಕ್ಕಕ್ಕೆ ಹಿಡಿಯಿರಿ.

ಒಂದು ಎಚ್ಚರಿಕೆ. ಮುಚ್ಚಿದ ಶೇಕರ್‌ನಲ್ಲಿ ಬಿಸಿ ಕಾಫಿ ಕುಲುಕಲೇಬೇಡಿ. ಒಳಗೆ ಒತ್ತಡ ಏರಿ ಮುಚ್ಚಳ ಹಾರುತ್ತದೆ, ಮುಖ ಸುಡುತ್ತದೆ. ಮಿಕ್ಸಿ ಜಾರಿಗೂ ಇದೇ ಮಾತು.

ಇಷ್ಟಕ್ಕೆ ಸಿಗುವ ಪ್ರೋಟೀನ್ ಎಷ್ಟು? ಹಾಲಿನಿಂದ ಆರೇಳು ಗ್ರಾಂ, 25–30 ಗ್ರಾಂ ತೂಗುವ ಒಂದು ಸ್ಕೂಪಿನಿಂದ ಸಾಮಾನ್ಯವಾಗಿ 20–24 ಗ್ರಾಂ. ಒಂದು ಹೊತ್ತಿಗೆ ಧಾರಾಳವಾಯಿತು. ಎರಡು ಸ್ಕೂಪ್ ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ. ಹಾಲಿನ ಬದಲು ಬಾದಾಮಿ ಹಾಲು ಹಾಕುವವರು ಅದರಲ್ಲಿ ಪ್ರೋಟೀನ್ ಒಂದು ಗ್ರಾಂ ಇದ್ದರೆ ಹೆಚ್ಚು ಎಂಬುದನ್ನು ತಿಳಿದಿರಲಿ. ಸೋಯಾ ಹಾಲಿನಲ್ಲಿ ಹಸುವಿನ ಹಾಲಿನಷ್ಟೇ ಇದೆ, ಆದರೆ ಬಿಸಿ ಕಾಫಿಗೆ ಅದು ಇನ್ನೂ ಬೇಗ ಒಡೆಯುತ್ತದೆ. ಅದಕ್ಕೆ ಕಾಫಿಯನ್ನು ತಣ್ಣಗೆ ಮಾಡಿಯೇ ಹಾಕಿ.

ಪುಡಿ ನೀರಿನಲ್ಲಿ ತಕ್ಷಣ ಕರಗಿದರೆ ಅಸಲಿ, ಗಂಟು ಕಟ್ಟಿದರೆ ನಕಲಿ ಅನ್ನುತ್ತಾರೆ. ನಿಜವೇ?

ಸುಳ್ಳು. ಬೇಗ ಕರಗಲಿ ಎಂದು ಪುಡಿಗೆ ಲೆಸಿಥಿನ್ ಸೇರಿಸಿರುತ್ತಾರೆ. ಅದಿಲ್ಲದ ಒಳ್ಳೆಯ ಪುಡಿ ಗಂಟು ಕಟ್ಟಬಹುದು, ಅದಿರುವ ಕಳಪೆ ಪುಡಿ ಚೆನ್ನಾಗಿ ಕರಗಬಹುದು. ಪ್ರೋಟೀನಿನ ಮೋಸ ಅಡುಗೆಮನೆಯಲ್ಲಿ ಸಿಕ್ಕಿಬೀಳುವಂಥದ್ದಲ್ಲ. ಪ್ರಯೋಗಾಲಯಗಳೇ ಬಹಳ ಸಲ ಸಾರಜನಕ ಅಳೆದು ಅದರಿಂದ ಪ್ರೋಟೀನ್ ಲೆಕ್ಕ ಹಾಕುತ್ತವೆ. ಸಾರಜನಕ ಇರುವ ಅಗ್ಗದ ವಸ್ತು ಬೆರೆಸಿದರೆ ಆ ಲೆಕ್ಕವೇ ಮೋಸ ಹೋಗುತ್ತದೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆಸಿದ್ದು ಇದೇ ಉಪಾಯದಿಂದ. ಹಸುಗೂಸುಗಳು ಜೀವ ಕಳೆದುಕೊಂಡವು. ಪುಡಿಗೆ ಸಾರಜನಕ ಇರುವ ಗ್ಲೈಸೀನ್, ಟಾರೀನ್ ಬೆರೆಸಿ ಅಂಕಿ ಏರಿಸುವುದೂ ಇದೇ ದಾರಿ. ಡಬ್ಬದ ಹಿಂದೆ ಪದಾರ್ಥಗಳ ಪಟ್ಟಿ ಓದಿ. ಇವೆರಡರ ಹೆಸರು ಬೇರೆಯಾಗಿ ಕಂಡರೆ ಆ ಡಬ್ಬ ಬಿಟ್ಟುಬಿಡಿ.

ಖಾಲಿ ಹೊಟ್ಟೆಯಲ್ಲಿ ಇದನ್ನು ಕುಡಿದರೆ ಹೊಟ್ಟೆಯ ಕೊಬ್ಬು ಕರಗುತ್ತದಂತೆ?

ಇಲ್ಲ.

ಪುಡಿಯ ಬದಲು ಹಸಿ ಮೊಟ್ಟೆ ಹಾಕಬಹುದೇ?

ಬೇಡ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಒಂದು ಕಡೆ. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಸುಮಾರು ಶೇಕಡಾ 90ರಷ್ಟು ಜೀರ್ಣವಾದರೆ ಹಸಿಯದು ಶೇಕಡಾ 50ರ ಆಸುಪಾಸು ಮಾತ್ರ. ಅಪಾಯವೂ ಜಾಸ್ತಿ, ಲಾಭವೂ ಕಡಿಮೆ. ಪುಡಿ ಬೇಡ ಅನ್ನುವವರು ನೀರು ಬಸಿದ ಗಟ್ಟಿ ಮೊಸರು ಹಾಕಿ ಮಿಕ್ಸಿಯಲ್ಲಿ ತಿರುಗಿಸಿ, ಅಥವಾ ಹಾಲಿಗೆ 25 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಸೇರಿಸಿ. ಅಷ್ಟರಿಂದಲೇ ಎಂಟು ಒಂಬತ್ತು ಗ್ರಾಂ ಪ್ರೋಟೀನ್ ಸಿಗುತ್ತದೆ. ಹಾಲಿನ ಸಕ್ಕರೆ ಆಗದವರಿಗೆ ಮಾತ್ರ ಈ ಎರಡನೇ ದಾರಿ ಬೇಡ.

ಕೊಲಾಜೆನ್ ಪುಡಿ ಬಿಸಿ ಕಾಫಿಯಲ್ಲೂ ಚೆನ್ನಾಗಿ ಕರಗುತ್ತದೆ. ಅದನ್ನೇ ಹಾಕಿದರೆ?

ಕರಗುತ್ತದೆ, ನಿಜ. ಆದರೆ ಟ್ರಿಪ್ಟೋಫ್ಯಾನ್ ಎಂಬ ಅಗತ್ಯ ಅಮೈನೋ ಆಮ್ಲ ಅದರಲ್ಲಿ ಇಲ್ಲವೇ ಇಲ್ಲ. ತಿಂಡಿಯ ಬದಲು ಕುಡಿಯುವ ಲೋಟಕ್ಕೆ ಅದೊಂದನ್ನೇ ನೆಚ್ಚಬೇಡಿ.

ಮಕ್ಕಳಿಗೆ ಕೊಡಬಹುದೇ? ಗರ್ಭಿಣಿಯರಿಗೆ?

ಮಕ್ಕಳಿಗೆ ಬೇಡ. ಗರ್ಭಿಣಿಯರಿಗೆ ದಿನವಿಡೀ ಕುಡಿಯುವ ಕಾಫಿ, ಟೀ ಎಲ್ಲ ಸೇರಿ ಕೆಫೀನ್ 200 ಮಿಲಿಗ್ರಾಂ ದಾಟಬಾರದು. ಪುಡಿ ಯಾವುದೆಂದು ವೈದ್ಯರನ್ನು ಕೇಳದೆ ಬಳಸಬೇಡಿ. ಉಳಿದ ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಮಿತಿ. ಒಂದು ಟೀ ಚಮಚ ಇನ್‌ಸ್ಟಂಟ್ ಕಾಫಿಯಲ್ಲಿ ಸುಮಾರು 60 ಮಿಲಿಗ್ರಾಂ ಕೆಫೀನ್ ಇರುತ್ತದೆ.

ರಾತ್ರಿಯೇ ಮಾಡಿ ಇಡಬಹುದೇ?

ಫ್ರಿಜ್‌ನಲ್ಲಿ ಇಡಬಹುದು. ಬೆಳಿಗ್ಗೆ ಕುಲುಕಿ ಕುಡಿಯಿರಿ. ಬ್ಯಾಗಿನಲ್ಲಿ ಇಟ್ಟುಕೊಂಡು ಮಧ್ಯಾಹ್ನ ಕುಡಿಯುವುದು ಬೇಡ. ಶೇಕರನ್ನು ಕುಡಿದ ಕೂಡಲೇ ತೊಳೆಯಿರಿ, ಮುಚ್ಚಳದ ರಬ್ಬರ್ ಬಿಚ್ಚಿ ತೊಳೆಯಿರಿ.

ನನಗೆ ಥೈರಾಯ್ಡ್ ಮಾತ್ರೆ ಇದೆ. ಬೆಳಿಗ್ಗೆ ಈ ಕಾಫಿ ಜೊತೆಗೇ ನುಂಗುತ್ತೇನೆ. ಸರಿಯೇ?

ಸರಿಯಲ್ಲ. ಇದೊಂದು ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್, ಯಾಕೆಂದರೆ ಕೇಳಬೇಕಾದವರು ಇದನ್ನು ಕೇಳುವುದೇ ಇಲ್ಲ. ಥೈರಾಯ್ಡ್‌ಗೆ ಕೊಡುವ ಲಿವೊಥೈರಾಕ್ಸಿನ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ಹೋಗಬೇಕು. ಅದು ದೇಹಕ್ಕೆ ಸೇರುವುದನ್ನು ಕಾಫಿ ತಡೆಯುತ್ತದೆ. ಹಾಲಿನ ಕ್ಯಾಲ್ಸಿಯಂ, ಸೋಯಾ ಕೂಡ ತಡೆಯುತ್ತವೆ. ನಿಮ್ಮ ಲೋಟದಲ್ಲಿ ಕಾಫಿ, ಹಾಲು ಎರಡೂ ಒಟ್ಟಿಗೇ ಇವೆ! ಮಾತ್ರೆ ನುಂಗಿ ಒಂದು ಗಂಟೆ ಕಾಯಿರಿ, ಆಮೇಲೆ ಕುಡಿಯಿರಿ. ಕಬ್ಬಿಣದ ಮಾತ್ರೆಯನ್ನೂ ಕಾಫಿಯ ಜೊತೆ ನುಂಗಬೇಡಿ. ಅದಕ್ಕೂ ಥೈರಾಯ್ಡ್ ಮಾತ್ರೆಗೂ ನಡುವೆ ನಾಲ್ಕು ಗಂಟೆ ಅಂತರ ಇರಲಿ. ಕಿಡ್ನಿ ತೊಂದರೆ ಇರುವವರು ಈ ಪುಡಿಯ ಡಬ್ಬ ಕೊಳ್ಳುವ ಮೊದಲೇ ವೈದ್ಯರನ್ನು ಕೇಳಬೇಕು, ಕೊಂಡ ಮೇಲಲ್ಲ.

ಇಷ್ಟು ದಿನ ಕಾಫಿ ಜೊತೆಗೇ ನುಂಗುತ್ತಿದ್ದಿರಿ ಅಂದರೆ ನಿಮ್ಮ ಈಗಿನ ಡೋಸ್ ಅದಕ್ಕೆ ತಕ್ಕಂತೆ ಏರಿಸಿದ್ದೂ ಇರಬಹುದು. ಅಭ್ಯಾಸ ಬದಲಿಸಿದರೆ ಅದೇ ಡೋಸ್ ಜಾಸ್ತಿಯಾಗಬಹುದು. ಹಾಗಾಗಿ ಬದಲಿಸುವ ಮುಂಚೆ ಡಾಕ್ಟರಿಗೆ ವಿಷಯ ಹೇಳಿ, ಬದಲಿಸಿ ಆರರಿಂದ ಎಂಟು ವಾರ ಆದ ಮೇಲೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ.